ಗದಗದಿಂದ ಕಟಕಕ್ಕೆ: ಊರ ಹೆಸರುಗಳಲ್ಲಿ ಗತಪ್ರತ್ಯಾಗತ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ)

ಸ್ನೇಹಿತರೇ,

ಊರ ಹೆಸರುಗಳ ಬಗ್ಗೆ ನಮ್ಮಲ್ಲಿ ನಡೆದಿರುವ ಅಧ್ಯಯನ ಬಹುಮಟ್ಟಿಗೆ ಅರ್ಥವನ್ನು ಹುಡುಕುವ ಅಧ್ಯಯನ. ಈ ಹೆಸರು ಶಾಸನದಲ್ಲಿ ಹೇಗಿತ್ತು, ಯಾವ ಮರದಿಂದ, ಯಾವ ಕೆರೆಯಿಂದ, ಯಾವ ದೇವರಿಂದ ಬಂತು ಎಂಬ ಪ್ರಶ್ನೆಗಳಿಗೆ ವಿದ್ವಾಂಸರು ತಲೆಮಾರುಗಳಿಂದ ಉತ್ತರ ಹೇಳುತ್ತ ಬಂದಿದ್ದಾರೆ. ಇಂದು ಅರ್ಥವನ್ನು ತುಸು ಬದಿಗಿಟ್ಟು ಹೆಸರಿನ ಅಕ್ಷರಗಳು ಒಂದರ ಪಕ್ಕ ಒಂದು ಹೇಗೆ ಕುಳಿತಿವೆ ಎಂಬುದನ್ನಷ್ಟೇ ನೋಡೋಣ. ನನ್ನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ: ನಮ್ಮ ನಾಡಿನಲ್ಲಿ ಹಿಂದಿನಿಂದ ಓದಿದರೂ ಅದೇ ಆಗಿ ಉಳಿಯುವ, ಎಂದರೆ ಗತಪ್ರತ್ಯಾಗತವಾದ, ಹೆಸರುಗಳನ್ನು ಯಾರೂ ಬೇಕೆಂದು ಕಟ್ಟಿದ್ದಲ್ಲ. ಬಾಯಲ್ಲಿ ಸವೆದ ಹೆಸರು ಒಂದು ಲಿಪಿಗೆ, ಒಂದು ಕಾಗುಣಿತಕ್ಕೆ ಬಂದು ನಿಂತಾಗ ಆಟ ತಾನಾಗಿ ಹುಟ್ಟಿಕೊಳ್ಳುತ್ತದೆ. ಕಾಗುಣಿತ ಒಂದು ಕೂದಲೆಳೆಯಷ್ಟು ಬದಲಾದರೂ ಅದು ಮಾಯವಾಗುತ್ತದೆ.

ಎಲ್ಲರಿಗೂ ಗೊತ್ತಿರುವ ಉದಾಹರಣೆಯಿಂದಲೇ ಹೊರಡುವುದು ಒಳ್ಳೆಯದು. ಗದಗ. ಎಡದಿಂದ ಓದಿದರೂ ಬಲದಿಂದ ಓದಿದರೂ ಗದಗವೇ. ಇಷ್ಟನ್ನು ಶಾಲೆಯ ಮಕ್ಕಳೂ ಹೇಳುತ್ತಾರೆ. ಆದರೆ ಈ ಊರಿನ ಅದೃಷ್ಟ ಅಲ್ಲಿಗೆ ಮುಗಿಯುವುದಿಲ್ಲ. ರೋಮನ್ ಲಿಪಿಯಲ್ಲಿ ಜಿ, ಎ, ಡಿ, ಎ, ಜಿ ಎಂದು ಬರೆದಾಗಲೂ ಅದು ತಿರುಗುಮುರುಗಾಗಿ ಅದೇ ಆಗಿರುತ್ತದೆ. ದೇವನಾಗರಿಯಲ್ಲಿ ಮೂರು ಅಕ್ಷರ ಬರೆದರೂ ಅಷ್ಟೇ. ಅಂದರೆ ರೈಲು ನಿಲ್ದಾಣದ ಹಳದಿ ಫಲಕದ ಮೇಲೆ ಹೆಸರು ಬರುವ ಮೂರೂ ಲಿಪಿಗಳಲ್ಲಿ ಗದಗ ಹಿಂದುಮುಂದು ಒಂದೇ. ರೈಲ್ವೆಯವರು ಈ ನಿಲ್ದಾಣಕ್ಕೆ ಕೊಟ್ಟಿರುವ ಸಂಕೇತಾಕ್ಷರಗಳು ಜಿ, ಡಿ, ಜಿ, ಅದೂ ಕೂಡ. ಇಷ್ಟು ನಿಷ್ಠೆಯಿಂದ ಆಟಕ್ಕೆ ಒದಗಿಬರುವ ಇನ್ನೊಂದು ಊರನ್ನು ಕರ್ನಾಟಕದಲ್ಲಿ ನಾನಂತೂ ಕಂಡಿಲ್ಲ.

ಇಲ್ಲಿ ಒಂದು ತಾಂತ್ರಿಕ ಮಾತನ್ನು ಬಿಡಿಸಿ ಹೇಳಬೇಕು. ಇಂಗ್ಲಿಷಿನವರು ಇಂಥ ಪದವನ್ನು ಪಾಲಿಂಡ್ರೋಮ್ ಎನ್ನುವಾಗ ಒಂದೊಂದು ಲಿಪಿಚಿಹ್ನೆಯನ್ನು ಎಣಿಸುತ್ತಾರೆ. ನಾವು ಎಣಿಸುವುದು ಅಕ್ಷರವನ್ನು, ಎಂದರೆ ವ್ಯಂಜನವನ್ನೂ ಅದಕ್ಕೆ ಅಂಟಿಕೊಂಡ ಸ್ವರವನ್ನೂ ಸೇರಿಸಿ ಒಂದು ಘಟಕವಾಗಿ. ಧ್ವನಿಯ ಲೆಕ್ಕದಲ್ಲಿ ನೋಡಿದರೆ ಕನ್ನಡದ ‘ಗದಗ’ ಸ್ವರದಲ್ಲಿ ಕೊನೆಗೊಳ್ಳುತ್ತದೆ. ಅದನ್ನು ಧ್ವನಿಮುದ್ರಿಸಿ ಹಿಂದಕ್ಕೆ ಓಡಿಸಿದರೆ ‘ಅಗದಗ್’ ಎಂಬಂಥದ್ದು ಕೇಳಿಸೀತೇ ಹೊರತು ಗದಗ ಕೇಳಿಸದು. ಅಕ್ಷರವನ್ನು ಘಟಕವಾಗಿ ಹಿಡಿದಾಗ ಮಾತ್ರ ಆಟ ಕೂಡುತ್ತದೆ. ರೋಮನ್ ಲಿಪಿಯಲ್ಲಿ ಅದು ಬೇರೆಯೇ ಕಾರಣಕ್ಕೆ ಕೂಡುತ್ತದೆ: ಬರೆಯುವಾಗ ಕೊನೆಯ ಅಕಾರವನ್ನು ಕೈಬಿಟ್ಟಿದ್ದಾರೆ. ಹೀಗೆ ಎರಡು ಲಿಪಿಗಳು ಎರಡು ದಾರಿಗಳಿಂದ ಬಂದು ಒಂದೇ ಬಾಗಿಲು ತಟ್ಟಿವೆ. ‘ಮಲಯಾಳಂ’ ಎಂಬ ಹೆಸರಿನ ಪಾಡು ಇದಕ್ಕೆ ವಿರುದ್ಧ. ರೋಮನ್ ಲಿಪಿಯಲ್ಲಿ ಅದು ಜಗತ್ತಿಗೆಲ್ಲ ಗೊತ್ತಿರುವ ಪಾಲಿಂಡ್ರೋಮ್. ನಮ್ಮ ಲಿಪಿಯಲ್ಲಿ ತಿರುಗಿಸಿದರೆ ‘ಳಂಯಾಲಮ’ ಎಂದು ನಾಲಗೆ ತೊಡರುತ್ತದೆ.

ಅಕ್ಷರವನ್ನು ಘಟಕವಾಗಿ ಹಿಡಿಯುವ ಈ ಪದ್ಧತಿ ಹಳೆಯದು. ಸಂಸ್ಕೃತದ ಲಾಕ್ಷಣಿಕರು ಇದನ್ನು ಗತಪ್ರತ್ಯಾಗತ, ಎಂದರೆ ಹೋಗಿ ಮರಳಿ ಬಂದದ್ದು, ಎಂದು ಕರೆದು, ಅಕ್ಷರಗಳ ಜೋಡಣೆಯಲ್ಲೇ ಚಮತ್ಕಾರ ತೋರುವ ಚಿತ್ರಕಾವ್ಯದ ಲೆಕ್ಕದಲ್ಲಿ ಸೇರಿಸಿದರು. ಭಾರವಿಯ ಕಿರಾತಾರ್ಜುನೀಯದ ಹದಿನೈದನೆಯ ಸರ್ಗದಲ್ಲಿ ಬರುವ ‘ದೇವಾಕಾನಿನಿ ಕಾವಾದೇ’ ಎಂಬ ಪಾದ ಇದಕ್ಕೆ ಹೆಸರುವಾಸಿ. ಎಂಟು ಅಕ್ಷರಗಳು ನಡುವಿನವರೆಗೆ ಹೋಗಿ ಹೋದ ದಾರಿಯಲ್ಲೇ ಹಿಂದಿರುಗುತ್ತವೆ. ಆ ಭಾರವಿಯ ಹೆಸರನ್ನು ಕಾಳಿದಾಸನ ಜೊತೆಗೆ ಕಲ್ಲಿನಲ್ಲಿ ಕಂಡರಿಸಿದವನು 634ರ ಐಹೊಳೆ ಶಾಸನದ ರವಿಕೀರ್ತಿ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೂ ಶಬ್ದಾಲಂಕಾರದ ಭಾಗದಲ್ಲಿ ಇಂಥ ಚಿತ್ರಬಂಧಗಳನ್ನು ಚರ್ಚಿಸುತ್ತದೆ. ಅದೇ ಕೃತಿ ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುತ್ತ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ ಎಂಬ ನಾಲ್ಕು ಊರುಗಳ ನಡುವಣ ನಾಡನ್ನು ತೋರಿಸುತ್ತದೆ. ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮತ್ತು ಬೆಳಗಾವಿ ಜಿಲ್ಲೆಯ ಒಕ್ಕುಂದಗಳನ್ನು ನಕ್ಷೆಯ ಮೇಲೆ ಗುರುತಿಸಿ ನೋಡಿದರೆ ಗದಗ ಅವುಗಳ ನಟ್ಟನಡುವೆ ಇದೆ. ಇದರಿಂದ ಏನನ್ನೂ ಸಾಧಿಸಲಾಗದು, ಆದರೂ ಹೇಳದೆ ಬಿಡಲು ಮನಸ್ಸು ಬರುವುದಿಲ್ಲ.

ಗದಗವನ್ನು ಯಾರಾದರೂ ಗತಪ್ರತ್ಯಾಗತವಾಗಲಿ ಎಂದು ಹೀಗೆ ಕರೆದರೇ? ಖಂಡಿತ ಇಲ್ಲ. ಶಾಸನಗಳಲ್ಲಿ ಅದು ಕ್ರತುಕ. ಜನರ ಬಾಯಲ್ಲಿ, ಕಾವ್ಯದಲ್ಲಿ ಅದು ಗದುಗು. ಕುಮಾರವ್ಯಾಸನ ಅಂಕಿತ ‘ಗದುಗಿನ ವೀರನಾರಾಯಣ’. ಕ್ರತುಕವನ್ನು ತಿರುಗಿಸಿದರೆ ‘ಕತುಕ್ರ’, ಗದುಗನ್ನು ತಿರುಗಿಸಿದರೆ ‘ಗುದುಗ’, ಎರಡೂ ಕೂಡುವುದಿಲ್ಲ. ಪತ್ರಿಕೆಗಳಲ್ಲಿ ಆಗಾಗ ಕಾಣುವ ‘ಗದಗ್’ ಎಂಬ ರೂಪವೂ ಕೂಡುವುದಿಲ್ಲ, ಏಕೆಂದರೆ ಕೊನೆಯ ಅರ್ಧಾಕ್ಷರ ಮೊದಲಿನ ಪೂರ್ಣಾಕ್ಷರಕ್ಕೆ ಸಮವಲ್ಲ. ನಾಲ್ಕು ರೂಪಗಳಲ್ಲಿ ಒಂದೇ ಒಂದು ಆಟಕ್ಕೆ ಒದಗುತ್ತದೆ, ಮತ್ತು ಸರ್ಕಾರಿ ದಾಖಲೆಯಲ್ಲಿ ನಿಂತದ್ದು ಅದೇ ಎಂಬುದು ಆಕಸ್ಮಿಕ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ನಗರಗಳ ಇಂಗ್ಲಿಷ್ ಕಾಗುಣಿತವನ್ನು ಕನ್ನಡದ ಉಚ್ಚಾರಣೆಗೆ ಹೊಂದಿಸಿದಾಗ ಬೆಂಗಳೂರು, ಮೈಸೂರು, ಬೆಳಗಾವಿ, ಹುಬ್ಬಳ್ಳಿಗಳು ಆ ಪಟ್ಟಿಯಲ್ಲಿದ್ದವು, ಗದಗ ಇರಲಿಲ್ಲ. ಇದ್ದಿದ್ದರೆ ಕೊನೆಗೆ ಇನ್ನೊಂದು ‘ಎ’ ಸೇರಿ ರೋಮನ್ ಲಿಪಿಯ ಪಾಲಿಂಡ್ರೋಮ್ ಅಂದೇ ಮುಗಿಯುತ್ತಿತ್ತು. ಕನ್ನಡದ ಉಚ್ಚಾರಣೆಗೆ ನಿಷ್ಠರಾಗಿರಬೇಕು ಎನ್ನುವ ಪಕ್ಷದವನೇ ನಾನು. ಈ ಒಂದು ಊರಿನ ವಿಷಯದಲ್ಲಿ ಮಾತ್ರ ನನ್ನ ನಿಷ್ಠೆ ಸ್ವಲ್ಪ ಸಡಿಲ.

ಗದಗಕ್ಕೆ ಜೊತೆಯಾಗಬಲ್ಲ ಊರು ಒಡಿಶಾದಲ್ಲಿದೆ. ಇಂಗ್ಲಿಷರು ಕಟ್ಟಕ್ ಎಂದು ಏನೇನೋ ಅಕ್ಷರ ಸೇರಿಸಿ ಬರೆದ ಆ ನಗರ ಒಡಿಯಾದಲ್ಲಿಯೂ ಕನ್ನಡದಲ್ಲಿಯೂ ಕಟಕ. ಕಟಕವೆಂದರೆ ಸೈನ್ಯ, ಪಾಳೆಯ, ರಾಜಧಾನಿ; ಕುಮಾರವ್ಯಾಸನನ್ನು ಓದಿದವರಿಗೆ ಈ ಶಬ್ದ ಹೊಸದಲ್ಲ. ರೋಮನ್ ಕಾಗುಣಿತದಲ್ಲಿ ಕಟಕದ ಆಟ ಪೂರ್ತಿ ಕೆಟ್ಟಿದೆ, ಆದರೆ ರೈಲ್ವೆಯ ಸಂಕೇತಾಕ್ಷರಗಳು ಸಿ, ಟಿ, ಸಿ ಆಗಿರುವುದರಿಂದ ಹೋದ ಮಾನ ಒಂದಿಷ್ಟು ಮರಳಿದೆ. ಇದಕ್ಕಿಂತ ಸ್ವಾರಸ್ಯದ ಸಂಗತಿ ಇನ್ನೊಂದಿದೆ. ದಕ್ಷಿಣ ಭಾರತದಲ್ಲಿ ಗತಪ್ರತ್ಯಾಗತ ಎಂದೊಡನೆ ನೆನಪಾಗುವ ಪದ ‘ವಿಕಟಕವಿ’. ಕೃಷ್ಣದೇವರಾಯನ ಆಸ್ಥಾನದವನೆಂದು ಕಥೆಗಳು ಹೇಳುವ ತೆನಾಲಿ ರಾಮಕೃಷ್ಣನ ಬಿರುದು ಅದು. ಆ ಪದದ ಮೊದಲ ಮತ್ತು ಕೊನೆಯ ‘ವಿ’ಗಳನ್ನು ತೆಗೆದು ನೋಡಿ, ಒಳಗೆ ಉಳಿಯುವುದು ಕಟಕ. ಗಜಪತಿ ಪ್ರತಾಪರುದ್ರನ ರಾಜಧಾನಿ ಕಟಕವೇ ಆಗಿತ್ತು, ಮತ್ತು ಕೃಷ್ಣದೇವರಾಯ 1514ರಲ್ಲಿ ಉದಯಗಿರಿಯನ್ನೂ ಮರುವರ್ಷ ಕೊಂಡವೀಡನ್ನೂ ಗೆದ್ದು ಮುನ್ನುಗ್ಗಿದ್ದು ಆ ಗಜಪತಿಯ ಮೇಲೆಯೇ. ವಿಜಯನಗರದ ಹಾಸ್ಯಗಾರನ ಬಿರುದಿನ ಹೊಟ್ಟೆಯಲ್ಲಿ ವಿಜಯನಗರದ ವೈರಿಯ ರಾಜಧಾನಿ ಅಡಗಿ ಕುಳಿತಿದೆ.

ಹಾಗಾದರೆ ಕರ್ನಾಟಕದಲ್ಲಿ 29 ಸಾವಿರಕ್ಕೂ ಹೆಚ್ಚು ಹಳ್ಳಿಗಳಿರುವಾಗ ಇಂಥ ಹೆಸರುಗಳು ಇಷ್ಟು ಅಪರೂಪವೇಕೆ? ಕಾರಣ ನಮ್ಮ ಹೆಸರುಗಳ ಬಾಲದಲ್ಲಿದೆ. ಊರು, ಹಳ್ಳಿ, ಪುರ, ಕೆರೆ, ಪೇಟೆ, ಕಟ್ಟೆ, ಗುಂದ, ವಾಡ ಎಂಬ ಉತ್ತರಪದಗಳಿಲ್ಲದೆ ನಮ್ಮಲ್ಲಿ ಹೆಸರು ನಿಲ್ಲುವುದೇ ಕಷ್ಟ. ‘ಊರು’ ಎಂದು ಮುಗಿಯುವ ಹೆಸರು ಗತಪ್ರತ್ಯಾಗತವಾಗಬೇಕಾದರೆ ‘ರು’ ಅಕ್ಷರದಿಂದ ಆರಂಭವಾಗಬೇಕು. ‘ಪುರ’ ಎಂದು ಮುಗಿಯುವುದು ‘ರಪು’ ಎಂದು ಹೊರಡಬೇಕು. ‘ಹಳ್ಳಿ’ಯದಂತೂ ಒತ್ತಕ್ಷರದ ‘ಳ್ಳಿ’ಯಿಂದ ಹೊರಡಬೇಕು, ಕನ್ನಡದಲ್ಲಿ ಳಕಾರದಿಂದ ಪದವೇ ಆರಂಭವಾಗುವುದಿಲ್ಲ. ಕನಕಪುರವನ್ನು ನೋಡಿ. ‘ಕನಕ’ದವರೆಗೆ ಎಲ್ಲವೂ ಸರಿಯಿದೆ, ‘ಪುರ’ ಬಂದು ಕೆಡಿಸುತ್ತದೆ. ಅದರ ಹಳೆಯ ಹೆಸರು ಕಾನಕಾನಹಳ್ಳಿ. ಅಲ್ಲಿಯೂ ‘ಕಾನಕಾ’ ಎಂಬಷ್ಟು ಭಾಗ ತಿರುಗಿ ಬರುತ್ತದೆ, ಮುಂದೆ ‘ನಹಳ್ಳಿ’ ಅಡ್ಡಬರುತ್ತದೆ. ಹೆಸರು ಬದಲಾದರೂ ಚಾಳಿ ಬದಲಾಗಲಿಲ್ಲ. ಹರಿಹರವನ್ನು ಕೆಲವರು ಈ ಗುಂಪಿಗೆ ಸೇರಿಸುವುದುಂಟು, ಅದು ಸಲ್ಲದು: ಹರಿ ಮತ್ತು ಹರ ಒಂದು ಗುಣಿತದ ವ್ಯತ್ಯಾಸದಲ್ಲಿ ಎದುರುಬದುರು ನಿಂತಿರುವ ಆ ಹೆಸರು ಸೊಗಸಾದ ಶಬ್ದಕ್ರೀಡೆಯೇ, ಆದರೆ ಗತಪ್ರತ್ಯಾಗತವಲ್ಲ.

ಆದ್ದರಿಂದ ಬಾಲ ಕಳೆದುಕೊಂಡ, ಸವೆದು ಚಿಕ್ಕದಾದ ಹೆಸರುಗಳಲ್ಲಿಯೇ ನಾವು ಹುಡುಕಬೇಕು. ಸುಗಂಧವರ್ತಿ ಸವೆದು ಸವದತ್ತಿಯಾಯಿತು, ಲೊಕ್ಕಿಗುಂಡಿ ಲಕ್ಕುಂಡಿಯಾಯಿತು. ಇವೆರಡೂ ಇನ್ನಷ್ಟು ಸವೆದಿದ್ದರೆ ಏನಾಗುತ್ತಿತ್ತೋ. ಪೂರ್ತಿ ಸವೆದು ಮೂರು ಅಕ್ಷರಕ್ಕೆ ಇಳಿದ ಹೆಸರುಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಸಿರಸಿ. ಶಿರಸಿ ಎಂದು ಬರೆಯುವವರಿಗೆ ಇದರಲ್ಲಿ ಏನೂ ಕಾಣುವುದಿಲ್ಲ. ಸಿರಸಿ ಎಂದು ಬರೆಯುವವರಿಗೆ ಸಿ, ರ, ಸಿ ಎಂದು ಅಚ್ಚುಕಟ್ಟಾಗಿ ಮರಳಿ ಬರುತ್ತದೆ. ಎರಡು ಕಾಗುಣಿತಗಳೂ ಬಳಕೆಯಲ್ಲಿವೆ. ಶಕಾರವು ಸಕಾರವಾಗುವುದು ಕನ್ನಡದ ಹಳೆಯ ಜಾಯಮಾನ. ಶಶಿ ಸಸಿಯಾಗುತ್ತದೆ, ಶಿಲೆ ಸಿಲೆಯಾಗುತ್ತದೆ. ಹಾಗಾಗಿ ಗತಪ್ರತ್ಯಾಗತವಾಗಿರುವ ರೂಪವೇ ಹೆಚ್ಚು ಕನ್ನಡದ್ದು ಎಂದು ವಾದಿಸಬಹುದು, ಆದರೆ ಸಿರಸಿಯವರೇ ಒಪ್ಪಬೇಕು.

ಇನ್ನೊಂದು ಬಗೆಯ ಆಟವಿದೆ. ತಿರುಗಿಸಿದಾಗ ಅದೇ ಹೆಸರು ಬಾರದೆ ಬೇರೊಂದು ಅರ್ಥವುಳ್ಳ ಪದ ಬರುವುದು. ಇದನ್ನು ವಿಲೋಮ ಎನ್ನುತ್ತಾರೆ. ಇದು ಎರಡಕ್ಷರದ ಹೆಸರುಗಳಲ್ಲಿ ಸುಲಭ. ಪುರಿಯನ್ನು ತಿರುಗಿಸಿದರೆ ರಿಪು, ಎಂದರೆ ಶತ್ರು. ಜಗನ್ನಾಥನ ಊರಿಗೆ ಇದು ಸ್ವಲ್ಪ ಅನ್ಯಾಯವೇ. ಗಯಾ ತಿರುಗಿದರೆ ಯಾಗ. ಪಿಂಡದಾನಕ್ಕೆ ಹೋಗುವ ಕ್ಷೇತ್ರಕ್ಕೆ ಇದು ಒಪ್ಪುತ್ತದೆ. ಲಂಕಾ ತಿರುಗಿದರೆ ಪತ್ರಿಕೆಯ ಕಾಲಂ. ನಮ್ಮ ತುಮಕೂರು ಜಿಲ್ಲೆಯ ಶಿರಾ ಇವೆಲ್ಲಕ್ಕಿಂತ ಒಂದು ಹೆಜ್ಜೆ ಮುಂದೆ. ಶಿರಾ ಎಂದು ಬರೆದು ತಿರುಗಿಸಿದರೆ ರಾಶಿ. ಕೆಲವರು ಬರೆಯುವಂತೆ ಸಿರಾ ಎಂದು ಬರೆದು ತಿರುಗಿಸಿದರೆ ರಾಸಿ, ಮತ್ತು ರಾಸಿ ಎಂಬುದು ರಾಶಿಯ ತದ್ಭವವೇ. ಸಿರಸಿಯಲ್ಲಿ ಕಾಗುಣಿತ ಬದಲಾದರೆ ಆಟ ಕೆಡುತ್ತದೆ. ಶಿರಾದಲ್ಲಿ ಕಾಗುಣಿತದ ಜೊತೆಗೆ ಉತ್ತರವೂ ಬದಲಾಗಿ ಆಟ ಉಳಿಯುತ್ತದೆ. ಕಣದಲ್ಲಿ ರಾಶಿ ಮಾಡುವ ರೈತರ ಸೀಮೆಗೆ ಇಂಥ ವಿಲೋಮ ಸಿಕ್ಕಿದೆ.

ಕವಿಯೊಬ್ಬ ಇದೇ ಆಟವನ್ನು ಬೇಕೆಂದೇ ಆಡಿದ ಒಂದು ದೊಡ್ಡ ಉದಾಹರಣೆಯನ್ನು ಇಲ್ಲಿ ಬಿಡುವಂತಿಲ್ಲ. ಹದಿನೇಳನೆಯ ಶತಮಾನದಲ್ಲಿ ಕಂಚಿಯ ಸೀಮೆಯ ವೆಂಕಟಾಧ್ವರಿ ಬರೆದ ರಾಘವಯಾದವೀಯದ ಶ್ಲೋಕಗಳನ್ನು ನೇರವಾಗಿ ಓದಿದರೆ ರಾಮನ ಕಥೆ, ಕೊನೆಯಿಂದ ಓದಿದರೆ ಕೃಷ್ಣನ ಕಥೆ. ರಾಮನ ಊರು ಅಯೋಧ್ಯೆ, ಕೃಷ್ಣನದು ದ್ವಾರಕೆ. ಒಂದರ ವರ್ಣನೆ ತಿರುಗಿ ಇನ್ನೊಂದರ ವರ್ಣನೆಯಾಗಬೇಕು. ಕವಿ ಅಯೋಧ್ಯೆಗೆ ಸಾಕೇತ ಎಂಬ ಹೆಸರನ್ನು ಆರಿಸಿಕೊಂಡು ‘ಸಾಕೇತಾಖ್ಯಾ ಜ್ಯಾ’ ಎಂದು ಶ್ಲೋಕವನ್ನು ಆರಂಭಿಸುತ್ತಾನೆ. ಹಿಂದಿನಿಂದ ಓದುವಾಗ ಅದೇ ಅಕ್ಷರಗಳು ‘ಜ್ಯಾಖ್ಯಾತಾ ಕೇ ಸಾ’ ಎಂದು ಒಡೆಯುತ್ತವೆ. ಸಂಸ್ಕೃತದಲ್ಲಿ ‘ಕ’ ಎಂಬುದಕ್ಕೆ ನೀರು ಎಂಬ ಅರ್ಥವಿದೆ. ಆದ್ದರಿಂದ ಭೂಮಿಯಲ್ಲಿ ಖ್ಯಾತಳಾದ, ನೀರಿನಲ್ಲಿರುವ ನಗರಿ ಎಂದು ಅದು ಕಡಲ ನಡುವಣ ದ್ವಾರಕೆಗೆ ಹೊಂದುತ್ತದೆ. ಅಯೋಧ್ಯೆ ಎಂಬ ಹೆಸರನ್ನೇ ಬಳಸಿದ್ದರೆ ಈ ಕೆಲಸ ಆಗುತ್ತಿರಲಿಲ್ಲ. ಒಂದು ಊರಿಗೆ ಎರಡು ಹೆಸರಿರುವುದು ಕವಿಗೆ ಎಷ್ಟು ಉಪಕಾರಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿದಿಲ್ಲ. ಚಿತ್ರಕಾವ್ಯವನ್ನು ಬರಿಯ ಕಸರತ್ತು ಎಂದು ತಳ್ಳಿಹಾಕುವವರಿದ್ದಾರೆ. ಕಸರತ್ತು ಹೌದು, ಆದರೆ ಅದನ್ನು ಮಾಡಲು ಮೈ ಬಗ್ಗಬೇಕು.

ಜನಸಾಮಾನ್ಯರ ಶಬ್ದಕ್ರೀಡೆ ಹೆಸರನ್ನು ತಿರುಗಿಸುವುದಕ್ಕಿಂತ ಒಡೆಯುವುದರಲ್ಲಿ ಹೆಚ್ಚು ರಮಿಸುತ್ತದೆ. ಜಗಳೂರು ಎಂದರೆ ಜಗಳದ ಊರು ಎಂದು ಪಕ್ಕದೂರಿನವರು ಹೇಳಿ ನಗುತ್ತಾರೆ. ಕಾರವಾರದಲ್ಲಿ ವಾರವೆಲ್ಲ ಕಾರವೇ ಎನ್ನುವುದು ಇನ್ನೊಂದು. ರೇಷ್ಮೆ ಸೀರೆಗೆ ಹೆಸರಾದ ಮೊಳಕಾಲ್ಮೂರನ್ನು ಮೊಳಕಾಲು ಮೂರು ಎಂದು ಒಡೆದು, ಆ ಮೂರನೆಯದು ಯಾರದು ಎಂದು ಕೇಳುವ ತುಂಟತನ ಆ ಕಡೆಯವರಿಗೆ ಪರಿಚಿತವೇ. ತಲಕಾಡಿನ ಶಾಪದಲ್ಲಿ ಆಟ ಗಂಭೀರವಾಗುತ್ತದೆ: ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ. ಮಾಲಂಗಿ, ಮೈಸೂರು ಎಂಬ ಎರಡು ಊರುಗಳ ಮೊದಲಕ್ಷರವನ್ನು ಹಿಡಿದು ಮರಳು, ಮಡು, ಮಕ್ಕಳು ಎಂಬ ಮೂರು ಪದಗಳನ್ನು ಎಳೆದುತಂದ ಮಕಾರದ ಬಿಗಿಯೇ ಆ ಮಾತನ್ನು ಇಷ್ಟು ಕಾಲ ಜನರ ನಾಲಗೆಯ ಮೇಲೆ ಉಳಿಸಿದೆ ಎಂದು ನನಗೆ ಅನ್ನಿಸುತ್ತದೆ.

ಆಟವನ್ನು ಇತಿಹಾಸವೆಂದು ತಿಳಿದಾಗ ಮಾತ್ರ ತೊಡಕು ಬರುತ್ತದೆ. ಹೊಯ್ಸಳ ವೀರಬಲ್ಲಾಳ ಹಸಿದು ಬಂದಾಗ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು, ಅದೇ ಬೆಂಗಳೂರು ಎಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಶಬ್ದಕ್ರೀಡೆಯಾಗಿ ಅದು ಚೆನ್ನಾಗಿದೆ. ಆದರೆ ಬೇಗೂರಿನ ದೇವಾಲಯದಲ್ಲಿರುವ, ಒಂಬತ್ತನೆಯ ಶತಮಾನದ ಕೊನೆಯ ಭಾಗದ ಗಂಗರ ಕಾಲದ ಶಾಸನ ಆಗಲೇ ಬೆಂಗಳೂರಿನ ಕಾಳೆಗವನ್ನು ಹೆಸರಿಸುತ್ತದೆ. ಬಲ್ಲಾಳ ಹುಟ್ಟುವ ಹೊತ್ತಿಗೆ ಆ ಹೆಸರಿಗೆ ಇನ್ನೂರೈವತ್ತು ವರ್ಷಗಳಾದರೂ ಆಗಿದ್ದವು.

ಈಗ ಸ್ವಲ್ಪ ದೂರ ಹೋಗೋಣ. ಊರ ಹೆಸರನ್ನು ಬೇಕೆಂದೇ ತಿರುಗಿಸಿ ಇಟ್ಟವರು ಅಮೆರಿಕದವರು, ಮತ್ತು ಅದರ ಹಿಂದೆ ಕಾವ್ಯವಿರಲಿಲ್ಲ, ಅಂಚೆ ಕಚೇರಿಯಿತ್ತು. ಒಂದು ರಾಜ್ಯದಲ್ಲಿ ಒಂದೇ ಹೆಸರಿನ ಎರಡು ಅಂಚೆ ಕಚೇರಿಗಳಿಗೆ ಒಪ್ಪಿಗೆ ಸಿಗುತ್ತಿರಲಿಲ್ಲ. ಟೆಕ್ಸಸ್‌ನಲ್ಲಿ ವಾಕರ್ ಎಂಬ ಹೆಸರು ಮೊದಲೇ ಹೋಗಿದ್ದರಿಂದ ಅದರ ಕಾಗುಣಿತವನ್ನು ತಿರುಗಿಸಿ ರೆಕ್ಲಾ ಎಂಬ ಊರಾಯಿತು. ಅದರ ನೆರೆಯಲ್ಲೇ ಲ್ಯೂಕಸ್ ಎಂಬ ಮನೆತನದ ಹೆಸರು ತಿರುಗಿ ಸಾಕುಲ್ ಆಯಿತು. ಕೆನಡಾ ತಿರುಗಿ ಅಡನಾಕ್ ಆದದ್ದೂ ಉಂಟು. ನಮ್ಮಲ್ಲಿ ಒಂದೇ ಹೆಸರಿನ ಎರಡು ಊರುಗಳಿದ್ದಾಗ ದೊಡ್ಡ, ಚಿಕ್ಕ, ಹಿರೇ, ಹೊಸ, ಮೇಲಿನ, ಕೆಳಗಿನ ಎಂದು ಮುಂದೆ ಒಂದು ಪದ ಸೇರಿಸಿ ಸಮಸ್ಯೆಯನ್ನು ಬಗೆಹರಿಸುತ್ತೇವೆ. ದೊಡ್ಡಬಳ್ಳಾಪುರ ಮತ್ತು ಚಿಕ್ಕಬಳ್ಳಾಪುರಗಳ ನಡುವೆ ಯಾವ ಅಂಚೆಯವನೂ ದಾರಿ ತಪ್ಪಲಾರ. ಬೆಂಗಳೂರನ್ನು ತಿರುಗಿಸಿ ‘ರುಳೂಗಬೆಂ’ ಎಂದು ಇನ್ನೊಂದು ಊರು ಕಟ್ಟುವ ಧೈರ್ಯ ನಮ್ಮ ನಾಲಗೆಗಿಲ್ಲ. ರೋಮನ್ ಲಿಪಿಯಲ್ಲಿ ತಾನಾಗಿಯೇ ಪಾಲಿಂಡ್ರೋಮ್ ಆದ ಹೆಸರುಗಳೂ ಅಮೆರಿಕ ಖಂಡಗಳಲ್ಲಿ ಇವೆ: ಬೊಲಿವಿಯಾದ ಒರೂರೊ, ದಕ್ಷಿಣ ಕೆರೊಲೈನಾದ ಹನ್ನೊಂದು ಅಕ್ಷರದ ವಾಸಮಾಸಾ, ಅರ್ಜೆಂಟೀನಾದ ನೆವುಕೆನ್. ಈ ಕೊನೆಯದರ ಎರಡನೆಯ ‘ಇ’ಯ ಮೇಲೆ ಸ್ಪ್ಯಾನಿಷಿನ ಒತ್ತುಗೆರೆ ಇದೆ, ಮೊದಲನೆಯದರ ಮೇಲಿಲ್ಲ, ಕಟ್ಟುನಿಟ್ಟಿನವರಿಗೆ ಅದು ನಮ್ಮ ‘ಗದಗ್’ ಇದ್ದಂತೆ.

ಪಾಲಿಂಡ್ರೋಮ್ ಎಂಬ ಕಾರಣಕ್ಕೇ ಹೆಸರೊಂದು ನೆಲಕ್ಕೆ ಹೊಂದಿಕೊಂಡ ಪ್ರಸಂಗ ನಡೆದದ್ದು ಮಂಗಳ ಗ್ರಹದಲ್ಲಿ. 2012ರ ಆಗಸ್ಟ್‌ನಲ್ಲಿ ಅಲ್ಲಿ ಇಳಿದ ಕ್ಯೂರಿಯಾಸಿಟಿ ರೋವರ್ ಹೋಗಬೇಕಾದದ್ದು ಮೌಂಟ್ ಶಾರ್ಪ್ ಬೆಟ್ಟದ ಕಡೆಗೆ, ಆದರೆ ಇಳಿದ ಜಾಗಕ್ಕೆ ಸುಮಾರು 400 ಮೀಟರ್ ದೂರದಲ್ಲಿ, ಬೇರೆ ದಿಕ್ಕಿನಲ್ಲಿ, ಮೂರು ಬಗೆಯ ನೆಲ ಕೂಡುವ ಒಂದು ತಾಣ ವಿಜ್ಞಾನಿಗಳನ್ನು ಸೆಳೆಯಿತು. ಕೆನಡಾದ ಯೆಲ್ಲೋನೈಫ್ ಸೀಮೆಯ ಶಿಲಾರಚನೆಯೊಂದರ ಹೆಸರಾದ ಗ್ಲೆನೆಲ್ಗ್ ಎಂಬುದನ್ನು ಅವರು ಅದಕ್ಕೆ ಇಟ್ಟರು. ರೋವರ್ ಅಲ್ಲಿಗೆ ಹೋಗಿ ಅದೇ ದಾರಿಯಲ್ಲಿ ಹಿಂದಿರುಗಬೇಕಾಗಿದ್ದುದರಿಂದ ರೋಮನ್ ಲಿಪಿಯಲ್ಲಿ ಹಿಂದುಮುಂದು ಒಂದೇ ಆಗಿರುವ ಈ ಹೆಸರು ಅವರಿಗೆ ಇನ್ನಷ್ಟು ಹಿಡಿಸಿತು. ಗತಪ್ರತ್ಯಾಗತ ಎಂಬುದನ್ನು ಚಕ್ರದ ಗುರುತಿನಿಂದ ಮಣ್ಣಿನ ಮೇಲೆ ಬರೆದಂತೆ ಆಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸ್ಕಾಟ್ಲೆಂಡಿನ ಗ್ಲೆನೆಲ್ಗ್ ಎಂಬ ಪುಟ್ಟ ಹಳ್ಳಿ ಮಂಗಳದ ಗ್ಲೆನೆಲ್ಗ್ ಜೊತೆ ಅವಳಿ ಊರಿನ ಸಂಬಂಧ ಬೆಳೆಸಿಕೊಂಡು ಹಬ್ಬ ಮಾಡಿತು. ಆಸ್ಟ್ರೇಲಿಯಾದ ಅಡಿಲೇಡ್ ನಗರದ ಕಡಲಂಚಿನ ಗ್ಲೆನೆಲ್ಗ್‌ಗೆ ಹೆಸರು ಬಂದದ್ದು ಲಾರ್ಡ್ ಗ್ಲೆನೆಲ್ಗ್‌ನಿಂದ. ಆತ 1778ರಲ್ಲಿ ಬಂಗಾಳದ ಖಿದಿರ್‌ಪುರದಲ್ಲಿ ಹುಟ್ಟಿದ ಚಾರ್ಲ್ಸ್ ಗ್ರಾಂಟ್. 1831ರಲ್ಲಿ ಮೈಸೂರಿನ ಆಡಳಿತವನ್ನು ಕಂಪನಿ ತನ್ನ ಕೈಗೆ ತೆಗೆದುಕೊಂಡಾಗ ಲಂಡನ್ನಿನಲ್ಲಿ ಕಂಪನಿಯ ಮೇಲ್ವಿಚಾರಣೆಯ ಮಂಡಳಿಗೆ ಅಧ್ಯಕ್ಷನಾಗಿದ್ದವನು ಇವನೇ.

ಉಪನ್ಯಾಸದ ಕೊನೆಗೆ, ನಮ್ಮ ಜಿಲ್ಲೆಯಲ್ಲಿ ಇಂಥ ಹೆಸರುಗಳನ್ನು ಹುಡುಕುವುದು ಹೇಗೆ ಎಂಬ ಪ್ರಶ್ನೆ ಬಂತು. ಅದಕ್ಕೆ ಕೊಟ್ಟ ಉತ್ತರವನ್ನೂ ಇಲ್ಲಿ ಸೇರಿಸುತ್ತೇನೆ. ತಾಲ್ಲೂಕಿನ ಗ್ರಾಮಗಳ ಪಟ್ಟಿಯನ್ನು ಹಿಡಿದು ಊರು, ಹಳ್ಳಿ, ಪುರ, ಕೆರೆ ಎಂದು ಮುಗಿಯುವ ಹೆಸರುಗಳನ್ನು ಮೊದಲೇ ಬಿಟ್ಟುಬಿಡಿ. ಪಟ್ಟಿಯ ಬಹುಪಾಲು ಅಲ್ಲಿಯೇ ಕರಗುತ್ತದೆ. ಉಳಿದವುಗಳಲ್ಲಿ ಮೂರಕ್ಷರದ ಹೆಸರುಗಳನ್ನು ಆರಿಸಿ ಮೊದಲ ಮತ್ತು ಕೊನೆಯ ಅಕ್ಷರಗಳನ್ನಷ್ಟೇ ಹೋಲಿಸಿದರೆ ಸಾಕು, ನಡುವಿನದು ಏನಿದ್ದರೂ ನಡೆಯುತ್ತದೆ. ನಾಲ್ಕಕ್ಷರದವುಗಳಲ್ಲಿ ನಡುವಿನ ಎರಡೂ ಒಂದೇ ಆಗಿರಬೇಕಾದ್ದರಿಂದ ಅಲ್ಲಿ ಹೆಚ್ಚು ಆಸೆ ಇಟ್ಟುಕೊಳ್ಳುವುದು ಬೇಡ. ಕಂದಾಯ ದಾಖಲೆಯ ಕಾಗುಣಿತ ಒಂದು, ಬಸ್ಸಿನ ಫಲಕದ್ದು ಇನ್ನೊಂದು, ಊರವರ ಬಾಯಿಯದು ಮತ್ತೊಂದು ಇರುವುದು ಸಾಮಾನ್ಯ. ಮೂರನ್ನೂ ಬರೆದುಕೊಂಡು, ಯಾವ ರೂಪದಲ್ಲಿ ಹೆಸರು ತಿರುಗಿ ಬರುತ್ತದೆ ಎಂಬುದನ್ನು ಪಕ್ಕದಲ್ಲಿ ಗುರುತು ಮಾಡಿಕೊಳ್ಳಿ.